ಒಂದೇ ಗೆರೆ

ಹನ್ನೆರಡಕ್ಕೆ ಕೊಡಬೇಕಿದ್ದ ಇಂಜೆಕ್ಷನ್
ಕೊಟ್ಟದ್ದು ಎರಡೂ ಹತ್ತಕ್ಕೆ.
ನಲವತ್ತೊಂದು ಹಾಸಿಗೆ, ನಾವಿಬ್ಬರು,
ಅದರಲ್ಲೊಬ್ಬಳು ಲೇಬರ್ ವಾರ್ಡಿಗೆ ಎರವಲು.

ಚಾರ್ಟಿನಲ್ಲಿ ಕೈ ತಾನಾಗೇ
ಹನ್ನೆರಡು ಅಂತ ಬರೆದುಬಿಟ್ಟಿತ್ತು. ಅಭ್ಯಾಸ.
'ಇರ್ಲಿ ಬಿಡೇ,' ರೌಂಡ್ಸಿಗೆ ಬಂದ ಜೆಸಿಂತಾ ಸಿಸ್ಟರ್,
'ಯಾರು ನೋಡ್ತಾರೆ?
ಮೆಮೊ ಯಾಕೆ ಮೈಮೇಲೆ ಎಳ್ಕೋತೀಯ?'

ಕಿಟಕಿಯಾಚೆ ಮಾರ್ಕೆಟ್ಟಿಗೆ ಸೇವಂತಿಗೆಯ ಟೆಂಪೊ.
ಹದಿನಾಲ್ಕನೇ ಹಾಸಿಗೆಯ ಮುನಿಯಲ್ಲಪ್ಪ,
ಕಲಾಸಿಪಾಳ್ಯದಲ್ಲಿ ಮೂಟೆ ಹೊರುವವನು,
ಸೂಜಿ ಇಳಿಯುವಾಗ ಕೇಳಿದ್ದ:
'ಲೇಟಾಯ್ತಲ್ವಾ ತಾಯಿ?'
ಹೂಂ ಅಂದಿದ್ದೆ.
ಅವನಿಗೆ ಹೂಂ ಅಂದದ್ದನ್ನು
ಕಾಗದಕ್ಕೆ ಹೇಗೆ ಇಲ್ಲ ಅನ್ನಲಿ?

ಓದುವಾಗ ಕಲಿಸಿದ್ದರು:
ವೈಟ್ನರ್ ಹಚ್ಚಬೇಡ, ಗೀಚಿ ಮುಚ್ಚಬೇಡ,
ತಪ್ಪಿನ ಮೇಲೆ ಒಂದೇ ಗೆರೆ,
ಅಡಿಯಲ್ಲಿರುವುದು ಓದುವಂತಿರಬೇಕು.
ಕೋರ್ಟಿಗೆ ಬೇಕಾಗುತ್ತೆ ಅಂದಿದ್ದರು.
ಕೋರ್ಟು ಶಾಂತಿನಗರದಾಚೆ ಎಲ್ಲೋ ಇದೆ ಅಂದುಕೊಂಡಿದ್ದೆ.

ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದೆ. ಬೈದರು.
ಗೆರೆ ಎಳೆದೆ. ಎರಡೂ ಹತ್ತು.
ಇನಿಷಿಯಲ್ ಸಾಕಿತ್ತು,
ಪೂರ್ತಿ ಹೆಸರು ಬರೆದೆ: ಹೊನ್ನಮ್ಮ ಬಿ. ಕೆ.

ಶಾಯಿ ಆರಿರಲಿಲ್ಲ,
ಇಪ್ಪತ್ತೇಳರಿಂದ ಕೂಗು:
'ಸಿಸ್ಟರ್, ಬಾಟ್ಲಿ ಮುಗೀತು.'