ಗುರುವಾರದ ಗಿರಾಕಿ

ನೆಬ್ರಾಸ್ಕಾದ ಈ ಪಡುವಣ ಮೂಲೆಯಲ್ಲಿ
ಗಾಳಿಗೇ ಬಾಗಿಲು ತೆರೆದುಕೊಳ್ಳುತ್ತದೆ,
ಗಂಟೆ ಕಿಣಿಕಿಣಿ ಎಂದರೂ ನಾನು ತಲೆ ಎತ್ತುವುದಿಲ್ಲ.
ಗುರುವಾರ ಮಾತ್ರ ಎತ್ತುತ್ತೇನೆ.

ಎಲ್ಡನ್ ಸ್ಟಕಿ. ಮೂವತ್ತೊಂದು ವರ್ಷ
ಕಲ್ಲಿದ್ದಲ ಗಾಡಿಗೆ ಡಬ್ಬಿ ಜೋಡಿಸಿದವನು.
ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ,
ಉಳಿದರ್ಧ ಎಪ್ಪತ್ತೊಂಬತ್ತರ ಚಳಿಯಲ್ಲಿ
ಎರಡು ಕೊಂಡಿಗಳ ನಡುವೆ. "ರೈಲ್ವೆಗೇ ಜಮಾ ಆಯಿತು"
ಅನ್ನುತ್ತಾನೆ, ಸಂಬಳದಲ್ಲಿ ಹಿಡಿದುಕೊಂಡ ದುಡ್ಡಿನ ಹಾಗೆ.

ಗಾಜಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡನ್ನೂ ಇಡುತ್ತೇನೆ.
ಒಂದು ಆಸ್ಟ್ರಿಯಾದ್ದು: ಕಪ್ಪು ಪ್ಲಾಸ್ಟಿಕ್ಕು, ಚೌಕ ಮೈ,
ಚೆಲುವಿನ ಗೊಡವೆಗೇ ಹೋಗದ ಮುಖ.
ಇನ್ನೊಂದು ಇಟಲಿಯದ್ದು: ಲೋಹ, ದುಂಡು ಭುಜ,
ತಾನು ಚೆಂದವೆಂದು ತನಗೇ ಗೊತ್ತು.
ಮ್ಯಾಗಜೀನ್ ಕಳಚಿ, ಸ್ಲೈಡ್ ಎಳೆದು, ಖಾಲಿ ಗೂಡು ನೋಡಿ,
ಅವನಿಗೂ ತೋರಿಸಿ, ಕಿರುಬೆರಳಲ್ಲಿ ಮತ್ತೊಮ್ಮೆ ತಡವಿ
ಆಮೇಲೇ ಕೈಗೆ. ವಾರ ವಾರವೂ ಇದೇ ಶಾಸ್ತ್ರ.

"ಕಣ್ಣು ಮುಚ್ಚಿ ಎತ್ತು" ಎಂದಿದ್ದೆ ಮೊದಲ ಸಲ.
ಎತ್ತಿದ. ಕಣ್ಣು ಬಿಟ್ಟಾಗ ಆಸ್ಟ್ರಿಯಾದ್ದು
ಗೋಡೆಯ ಮೇಲಿನ ಹುಲ್ಲೆಯ ತಲೆ ನೋಡುತ್ತಿತ್ತು,
ಇಟಲಿಯದ್ದು ಅದರ ಕೆಳಗಿನ ಗಡಿಯಾರ.
"ಒಂದಕ್ಕೆ ಬೇಟೆ ಬೇಕು, ಒಂದಕ್ಕೆ ಹೊತ್ತು" ಎಂದು ನಕ್ಕ.
ನಾನೂ ನಕ್ಕೆ.

ಎರಡನೆಯ ವಾರ ತುಕ್ಕಿನ ಮಾತು.
ಮೂರನೆಯ ವಾರ ಸ್ಪ್ರಿಂಗು, ಎಣ್ಣೆ,
ಕೆಸರಲ್ಲಿ ಬಿದ್ದರೆ ಯಾವುದು ಬೇಗ ಮೇಲೇಳುತ್ತದೆ,
ಮೊಂಡು ಬೆರಳಿಗೆ ಯಾವ ಹಿಡಿ ಒಗ್ಗುತ್ತದೆ.
"ಮೀನಮೇಷ ಎಣಿಸುವವನಿಗೆ ಎಷ್ಟು ಸಲ ಬಟ್ಟೆ ಹಾಸ್ತೀಯ?"
ಅಂಗಡಿ ಭಾವನದು. ರೋಲಿನ್‌ಗೆ ಲೆಕ್ಕ ಬೇಕು.

ನಾಲ್ಕನೆಯ ವಾರ ಟ್ರಿಗರ್‌ಗೆ ಬಂದೆವು.
ಆಸ್ಟ್ರಿಯಾದ್ದು ಪ್ರತಿ ಸಲವೂ ಒಂದೇ ಎಳೆತ,
ಗುಮಾಸ್ತನ ರುಜುವಿನಂತೆ.
ಇಟಲಿಯದ್ದಕ್ಕೆ ಮೊದಲನೆಯದು ದೂರ, ಬಿಗಿ;
ಆಮೇಲಿನವು ಬೆರಳು ನೆನೆದರೆ ಸಾಕು.
ಖಾಲಿ ಪಿಸ್ತೂಲನ್ನು ಎಳೆಯುತ್ತ ನಡುದಾರಿಯಲ್ಲಿ ನಿಲ್ಲಿಸಿ
"ಮೊದಲನೆಯದಕ್ಕೆ ಯೋಚಿಸುವಷ್ಟು ದೂರ ಇರಬೇಕು" ಎಂದ.
ಎರಡನೆಯದರ ಮಾತೇ ಎತ್ತಲಿಲ್ಲ.

ಹೊರಡುವಾಗ, ಟೋಪಿಯನ್ನು ಕಿವಿಗೆಳೆಯುತ್ತ:
"ಗುಂಡು ಬಿಡಿಯಾಗಿ ಸಿಗುತ್ತಾ? ಇಲ್ಲ, ಡಬ್ಬಿಯೇ ಕೊಳ್ಳಬೇಕಾ?"
ಡಬ್ಬಿಗೆ ಐವತ್ತು, ಎಂದೆ.
"ಐವತ್ತು" ಎಂದ,
ಎಂದೋ ಇಳಿದು ಹೋಗಿದ್ದ ಸ್ಟೇಷನ್ನಿನ ಹೆಸರು ಹೇಳುವಂತೆ.

ಜಿಪುಣನಿರಬಹುದು.
ಮೊಳೆಯನ್ನೂ ಎಣಿಸಿ ಕೊಳ್ಳುವವರುಂಟು ಈ ಊರಲ್ಲಿ.
ಆ ರಾತ್ರಿ ಪಾತ್ರೆ ತೊಳೆಯುತ್ತ ಇದನ್ನೇ
ಹತ್ತು ಸಲ ಹೇಳಿಕೊಂಡೆ, ತೊಳೆದ ತಟ್ಟೆಯನ್ನೇ ತೊಳೆಯುತ್ತ.

ಐದನೆಯ ಗುರುವಾರ ಅವನು ಬಾಯಿ ತೆರೆಯುವ ಮೊದಲೇ
ಇಟಲಿಯದ್ದು ಮುಗಿದಿದೆ ಎಂದೆ,
ಆಸ್ಟ್ರಿಯಾದ್ದಕ್ಕೆ ಯಾರೋ ಮುಂಗಡ ಕೊಟ್ಟಿದ್ದಾರೆ ಎಂದೆ.
ಒಳಕೋಣೆಯಲ್ಲಿ ಎರಡೆರಡು ಮಲಗಿದ್ದವು.
ಅವನು ತಲೆಯಾಡಿಸಿದ. ಗಾಜಿನೊಳಗೊಮ್ಮೆ ನೋಡಿದ.
"ಹಾಗಾದರೆ ಮುಂದಿನ ವಾರ."

ಇವತ್ತು ಮುಂದಿನ ವಾರ.
ಬಟ್ಟೆ ಹಾಸಿಲ್ಲ. ಗಲ್ಲಾದ ಈಚೆಗೆ ಸ್ಟೂಲು ಎಳೆದಿದ್ದೇನೆ,
ಕಾಫಿ ಇದೆ, ರೋಲಿನ್ ಊಟಕ್ಕೆ ಹೋಗಿದ್ದಾನೆ.
ಎಲ್ಡನ್ ಕೂತ. ಕೋಟಿನ ಗುಂಡಿ ಬಿಚ್ಚಲಿಲ್ಲ.
"ಇದು ಯಾರಿಗೆ, ಎಲ್ಡನ್?" ಎಂದೆ.
"ನಿನ್ನನ್ನು ನೀನೇ..." ಅನ್ನುವಷ್ಟರಲ್ಲಿ
ಅಂಗಡಿಯ ಹಿಂದೆ ಹಳಿ ನಡುಗಿತು, ಗಾಜು ಕಟಕಟ ಎಂದಿತು,
ಪೂರ್ವಕ್ಕೆ ಹೊರಟ ಕಲ್ಲಿದ್ದಲ ಗಾಡಿ.

ಅದು ದಾಟುವವರೆಗೆ ಇಲ್ಲಿ ಯಾರೂ ಮಾತಾಡುವುದಿಲ್ಲ.
ಅವನು ಕಿಟಕಿಗೆ ತಿರುಗಿದ್ದಾನೆ. ತುಟಿ ಅಲುಗುತ್ತಿದೆ.
ಡಬ್ಬಿ ಎಣಿಸುತ್ತಿದ್ದಾನೆ, ಹಳೆಯ ಚಾಳಿ,
ಅರ್ಧ ಬೆರಳಿಂದ ಮೊಣಕಾಲ ಮೇಲೆ ಒಂದೊಂದೇ ತಟ್ಟುತ್ತ.
ಅರವತ್ತು ದಾಟಿರಬೇಕು.
ನನ್ನ ಪ್ರಶ್ನೆಯನ್ನು ನಾನು ಬಿಟ್ಟುಕೊಟ್ಟಿಲ್ಲ.
ಉದ್ದದ ಗಾಡಿ.
ಕಾಯುತ್ತಿದ್ದೇನೆ.