ಜೋಡಿ ಗೂಡು

ರಾತ್ರಿ ಹನ್ನೊಂದು. ಷಟರ್ ಅರ್ಧ ಎಳೆದು ಕೂತಿದ್ದೇವೆ
ನಾನು, ಖಮರಕ್ಕ, ಗುರ್ರೆನ್ನುವ ಯುಪಿಎಸ್ಸು.
ಅಲ್ಲಿ ಈಗ ಊಟ ಮುಗಿಸಿ ಸೀಟಿಗೆ ಮರಳುವ ಹೊತ್ತಂತೆ.
ಶಿಡ್ಲಘಟ್ಟದಲ್ಲಿ ನಾಯಿಗಳಿಗೂ ನಿದ್ದೆ.

ಪಹಣಿ, ಆಧಾರ್ ತಿದ್ದುಪಡಿ, ಬಸ್ ಪಾಸು, ಲ್ಯಾಮಿನೇಷನ್ನು
ನನ್ನ ಬೋರ್ಡಿನಲ್ಲಿ ಬರೆಸಿದ್ದು ಅಷ್ಟೇ.
ಹಡಗು ಅಂತ ಬರೆಸಿರಲಿಲ್ಲ.

'ನಲವತ್ತು ವರ್ಷ ಕುದಿಯೋ ನೀರಲ್ಲಿ ಕೈಯಿಟ್ಟಿದೀನಿ, ಬ್ಯಾಟಪ್ಪ,
ಒಂದ್ಸಲ ತಣ್ಣಗಿರೋದನ್ನ ನೋಡ್ಬೇಕು,
ಆಚೆ ದಡ ಕಾಣಬಾರದು, ಅಷ್ಟು.'

ದೇಶಗಳ ಪಟ್ಟಿಯಲ್ಲಿ ಬೆರಳು ಸವೆಯುವಷ್ಟು ಇಳಿದು
ಐಸ್‌ಲ್ಯಾಂಡಿಗೂ ಇಂಡೊನೇಷ್ಯಾಕ್ಕೂ ನಡುವೆ ಸಿಕ್ಕೆವು.
ಒತ್ತಿದ್ದೇ ತಡ, ಬೆಲೆ ಮೇಲಕ್ಕೆ ಹಾರಿತು.
ಮೊದಲು ತೋರಿಸಿದ್ದು ಅಲ್ಲಿಯವರಿಗಂತೆ.
ಖಮರಕ್ಕ ನಕ್ಕರು: 'ಹರಾಜಲ್ಲಿ
ಗಿರಾಕಿ ಮುಖ ನೋಡಿ ಕೂಗೋರು
ನಮ್ಮ ಮಾರ್ಕೆಟ್ಟಲ್ಲೂ ಇದ್ರು.'

ಪಿನ್ ಕೋಡಿಗೆ ಅಲ್ಲಿ ಐದೇ ಮನೆ. ನಮ್ಮದು ಆರು.
ಕೊನೆಯದೊಂದನ್ನು ಕಿತ್ತೆ.
ಊರಿನಿಂದ ಏನು ಕಳೆಯಿತೋ,
ಗೌಡನಕೆರೆಯೋ, ಕೆರೆಯ ಏರಿಯೋ,
ಗೊತ್ತಾಗಲಿಲ್ಲ. ಪುಟ ಮುಂದಕ್ಕೆ ಸರಿಯಿತು.

ಅಡ್ಡಹೆಸರು ಕಡ್ಡಾಯ, ಅಂತ ಕೆಂಪಕ್ಷರ.
ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು,
ಅಪ್ಪನದೂ ಇಲ್ಲ, ಗಂಡನದೂ ಇಲ್ಲ.
ಕೊನೆಗೆ ಫೋನೇ ಹಚ್ಚಿದೆ.
ಇಪ್ಪತ್ತಾರು ನಿಮಿಷ ಪೀಪಿಯ ಸಂಗೀತ, ಆಮೇಲೆ ಒಬ್ಬಾಕೆ:
'ಹನಿ, ಅದೇ ಹೆಸರನ್ನು ಎರಡು ಸಲ ಬರಿ.'

'ಏನಂದ್ಲು?'
'ನನ್ನ ಹನಿ ಅಂದ್ಲು ಅಕ್ಕ.'
'ಸಮುದ್ರದ ಮಗ್ಗುಲಲ್ಲಿ ಕೂತೋಳು.
ಅವಳಿಗೆ ನಾವು ಹನಿಯಲ್ದೆ ಇನ್ನೇನು?'

ಖಮರುನ್ನಿಸಾ ಖಮರುನ್ನಿಸಾ
ಅಂತ ಬರೆದೆ. ಹಸಿರು ಟಿಕ್ಕು ಬಿತ್ತು.

ಮುಂದಿನ ಪುಟದಲ್ಲಿ ಇನ್ನೊಂದು ಕೊಕ್ಕೆ:
ಕೋಣೆ ಇಬ್ಬರದು. ಒಬ್ಬರೇ ಹೋದರೂ ಇಬ್ಬರ ದುಡ್ಡು.
ನಾನು ಬೈದೆ. ಅವರು ಬೈಯಲಿಲ್ಲ,
ಲೆಕ್ಕ ಹಾಕಿದರು, ಗೂಡಿನವರ ಲೆಕ್ಕ:
'ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದ್ರೆ
ಎಳೆಗೆ ಎಳೆ ಸಿಕ್ಕಾಗುತ್ತೆ, ರೇಟು ಅರ್ಧಕ್ಕಿಳಿಯುತ್ತೆ.
ಇವ್ರದು ತಿರುಗಾಮುರುಗ.
ಒಂದೇ ಹುಳ, ಎರಡರ ರೇಟು!'

'ಕಿಟಕಿ ಇಲ್ಲದ್ದು ಅಗ್ಗ ಇದೆ ಅಕ್ಕ, ಒಳಗಿನದು.'
'ಬೇಡ,' ಅಂದರು, ತಟ್ಟನೆ.
'ಗೂಡೊಳಗೆ ಇದ್ದೋರು ಏನಾಗ್ತಾರೆ ಅಂತ
ಜಾಲರಿಯಲ್ಲಿ ದಿನಾ ಸೋಸಿ ಹಾಕಿದೀನಿ.
ಕಿಟಕಿ ಇರೋದೇ ಹಾಕು.'

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ತೆರೆಯನ್ನೇ ನೋಡುತ್ತ:
'ಎರಡನೇ ಹಾಸಿಗೆಗೂ ಹೆಸರಿದೆಯಲ್ಲ.
ಹನ್ನೊಂದು ವರ್ಷಕ್ಕೆ ಬೇಸಿನ್ ಮುಂದೆ ಕೂರಿಸಿದ್ರಲ್ಲ,
ಅವಳೊಬ್ಳು ಖಮರುನ್ನಿಸಾ ಇದಾಳೆ. ಅವಳೂ ಬರ್ಲಿ.
ಕಿಟಕಿ ಪಕ್ಕದ ಹಾಸಿಗೆ ಮಾತ್ರ ನಂದು.'

ಕಾರ್ಡು ಎರಡು ಸಲ ಒಲ್ಲೆ ಅಂದಿತು.
ವಿದೇಶದ ವಹಿವಾಟಿಗೆ ಬೀಗವಂತೆ.
ತೆಗೆಯಲು ಬ್ಯಾಂಕಿನ ಆ್ಯಪು ಹೆಬ್ಬೆರಳು ಕೇಳಿತು.
ಒತ್ತಿದರು. ಒರೆಸಿಕೊಂಡು ಒತ್ತಿದರು. ಸೆರಗಿಗೆ ತಿಕ್ಕಿ ಒತ್ತಿದರು.
ಬೆರಳ ತುದಿ ನುಣ್ಣಗೆ, ಹೊಳೆಯಲ್ಲಿ ಉರುಳಿದ ಕಲ್ಲು.
ಗೆರೆಗಳೆಲ್ಲ ನೂಲಿನ ಜೊತೆ ಸುತ್ತಿಕೊಂಡು ಹೋಗಿ
ಎಲ್ಲೋ ಯಾರದೋ ಮದುವೆ ಸೀರೆಯಲ್ಲಿವೆ.
ಕಡೆಗೆ ಗುಟ್ಟಿನ ಸಂಖ್ಯೆ ಹಾಕಿ ಬಿಡಿಸಿದೆವು.

ವೀಸಾ ಕೊಡುವಲ್ಲಿ ಹತ್ತೂ ಬೆರಳು ಕೇಳುತ್ತಾರೆ.
ಹೇಳಲೋ ಬೇಡವೋ ಅಂತ ಕೂತಿದ್ದೆ,
ಅಷ್ಟರಲ್ಲಿ ರಸೀತಿ ಬಂತು: ಬಾರ್ಸಿಲೋನಾ,
ಎಂಟನೇ ಮಹಡಿ, ಏಳು ರಾತ್ರಿ,
ಪ್ರಯಾಣಿಕರು ಒಬ್ಬರು.

'ಕಲರ್ ಪ್ರಿಂಟು ಇಪ್ಪತ್ತು ಅಕ್ಕ.'
'ಹದಿನೈದು ಮಾಡ್ಕೊ.'
ಎರಡೂವರೆ ಲಕ್ಷ ಈಗಷ್ಟೇ ತುಟಿ ಬಿಚ್ಚದೆ ಕೊಟ್ಟವರು
ಐದು ರೂಪಾಯಿಗೆ ಬಾಗಿಲಲ್ಲೇ ನಿಂತರು.
ಹದಿನೈದಕ್ಕೆ ಕೊಟ್ಟೆ.
ಷಟರಿನಡಿ ಬಗ್ಗಿ ಹೊರಟರು,
ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕಂತೆ.