ನೀರು ಕುಡಿದ ಗಾಡಿ

ಕಡಲು ದಾಟಿ ಹಡಗಿನಲ್ಲಿ ಬಂದದ್ದಂತೆ,
ಎರಡೇ ಸೀಟು, ಮಾಗಿದ ದಾಳಿಂಬೆ ಬಣ್ಣ.
ರುಸ್ತಾವಿಯ ಕಾರುಸಂತೆಯಲ್ಲಿ ಚೌಕಾಸಿ ಮಾಡಿ
ಕೊಂಡ ಹುಡುಗ, ಹೆಸರು ಬಾದ್ರಿ, ಬಾಗಿಲಲ್ಲಿ ನಿಂತು
‘ಲಮಾರಾ ಚಿಕ್ಕಮ್ಮಾ, ನಾಳೆ ತಂಗಿಯ ಮದುವೆ.
ಟಾಪು ಅರ್ಧಕ್ಕೇ ನಿಂತಿದೆ’ ಅಂದ.

ನಿಂತೇ ಇತ್ತು.
ಆಕಳಿಸಲು ಹೊರಟು ನಡುವೆ
ಏನೋ ನೆನಪಾದವರ ಬಾಯಿಯ ಹಾಗೆ.
ಮೇಲೆ ಅಕ್ಟೋಬರಿನ ಮೋಡ.

ಗುಂಡಿ ಒತ್ತಿದೆ. ಒಳಗೆಲ್ಲೋ ‘ಟಿಕ್’.
ಟಿಕ್ ಅಂದರೆ ರಿಲೇಗೆ ಜೀವವಿದೆ.
ಫ್ಯೂಸು ಕಿತ್ತು ಬಲ್ಬಿಗೆ ಹಿಡಿದು ನೋಡಿದೆ, ತಂತಿ ನೆಟ್ಟಗಿದೆ.
ಎಣ್ಣೆ ಗೆರೆಯ ಮಟ್ಟಕ್ಕಿದೆ.
ಪಂಪಿಗೆ ನೇರವಾಗಿ ಬ್ಯಾಟರಿಯ ಬಾಯಿ ಕೊಟ್ಟೆ,
ಗುಯ್ಯೆಂದಿತು, ಛಾವಣಿ ಒಂದು ಗೇಣು ಕದಲಿತು.

ಹಾಗಾದರೆ ತೋಳಲ್ಲಿ ಬಲವಿದೆ.
ಬೇಡ ಅನ್ನುತ್ತಿರುವವರು ಬೇರೆ ಯಾರೋ.

‘ಕಂಪ್ಯೂಟರೇ ಸತ್ತಿದೆ ಅಂದ ಪೋತಿಯ ಮೆಕ್ಯಾನಿಕ್ಕು,
ಮದುವೆಯ ಅಷ್ಟೂ ವೈನಿನ ದುಡ್ಡು ಕೇಳಿದ.’
ಕೇಳಿಯಾನು. ತನಗೆ ತಿಳಿಯದ್ದನ್ನೆಲ್ಲ
ಕಂಪ್ಯೂಟರಿನ ತಲೆಗೆ ಕಟ್ಟುವುದು ಸುಲಭ.

ನಾನು ಉಕ್ಕಿನ ಕಾರ್ಖಾನೆಯಲ್ಲಿ
ಹದಿನೇಳು ವರ್ಷ ಕ್ರೇನಿನ ತಂತಿ ನೋಡಿದವಳು.
ಇಪ್ಪತ್ತು ಟನ್ನಿನ ಕೊಕ್ಕೆ, ಕರಗಿದ ಉಕ್ಕಿನ ಬಾನಿ ಹೊತ್ತದ್ದು,
ಬೆಂಕಿಪೊಟ್ಟಣದಷ್ಟು ಸ್ವಿಚ್ಚೊಂದು ಕಣ್ಣು ಬಿಟ್ಟರೆ
ಗಕ್ಕನೆ ನಿಲ್ಲುತ್ತಿತ್ತು.
ಅಂದಿನಿಂದ ದೊಡ್ಡದು ಕೆಟ್ಟಿತು ಅಂದಾಗಲೆಲ್ಲ
ನನ್ನ ಕೈ ಚಿಕ್ಕದರ ಕಡೆ ಹೋಗುತ್ತದೆ.

ಡಿಕ್ಕಿಯಲ್ಲಿ ತೆಳ್ಳನೆಯ ಹಲಗೆ.
ಅದು ಕೆಳಗಿಳಿದರೇ ‘ಸಾಮಾನಿಲ್ಲ, ಜಾಗವಿದೆ,
ಛಾವಣಿ ಮಡಚಿಕೊಂಡು ಬರಬಹುದು’ ಎಂಬ ಒಪ್ಪಿಗೆ.
ಹಲಗೆ ಇಳಿದಿದೆ, ಡಿಕ್ಕಿ ಖಾಲಿ,
ಆದರೂ ಗಾಡಿ ಇಲ್ಲದ ಪೆಟ್ಟಿಗೆಯೊಂದನ್ನು ಹೊತ್ತುಕೊಂಡೇ ಇದೆ.

ಕಾರ್ಪೆಟ್ಟು ಸೀಳಿ ಸ್ವಿಚ್ಚು ಬಿಚ್ಚಿದೆ.
ಹಸಿರುಗಟ್ಟಿದ ತಾಮ್ರ, ಸುತ್ತ ಬಿಳಿಯ ಪುಡಿ.
ನಾಲಗೆಯ ತುದಿಗೆ ತಾಗಿಸಿದೆ.
ಉಪ್ಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಇದು ನೀರು ಕುಡಿದೇ ಉಪ್ಪು ತಿಂದದ್ದು,
ಎಲ್ಲಿಯದೋ ಬಿರುಗಾಳಿಗೆ, ಯಾವುದೋ ಊರ ಬೀದಿಯಲ್ಲಿ
ಸೀಟಿನ ಮಟ್ಟಕ್ಕೆ ಮುಳುಗಿ ನಿಂತಿದ್ದ ಗಾಡಿ.
‘ಹಿಂದಿನ ಬಂಪರಿಗೆ ಸಣ್ಣ ಏಟು ಬಿದ್ದಿತ್ತಂತೆ, ಅಷ್ಟೆ’
ಎನ್ನುತ್ತ ಬಾದ್ರಿ ಬಾನೆಟ್ಟನ್ನು
ತೋಳಿನಿಂದ ಒರೆಸುತ್ತಿದ್ದ.

ಎರಡು ತಂತಿ ಗಂಟು ಹಾಕಿದ್ದರೆ ಐದೇ ನಿಮಿಷ.
ಆಮೇಲೆ ಗಾಡಿ ಯಾವಾಗಲೂ ಜಾಗವಿದೆ ಎಂದೇ ನಂಬುತ್ತಿತ್ತು,
ಯಾರೋ ಒಂದು ದಿನ ಡಿಕ್ಕಿಯಲ್ಲಿ ವೈನಿನ ಜಾಡಿ ಇಟ್ಟು
ಗುಂಡಿ ಒತ್ತುವವರೆಗೆ.
ಮೂಲೆಯಲ್ಲಿದ್ದ ಸತ್ತ ವಾಷಿಂಗ್ ಮೆಷಿನ್ನಿನ ಬಾಗಿಲಿನಿಂದ
ಅದೇ ಅಳತೆಯ ಸ್ವಿಚ್ಚು ಕಿತ್ತು, ಬೆಸೆದು, ಕೂರಿಸಿದೆ.

ಗುಂಡಿ.
ಟಿಕ್, ಗುಯ್. ಗಾಜು ಇಳಿಯಿತು, ಬೆನ್ನು ಬಾಗಿತು,
ಬಟ್ಟೆ ಮೂರು ಮಡಿಕೆಯಾಗಿ ಡಿಕ್ಕಿಯೊಳಗೆ ಮಲಗಿತು.
ಬಾದ್ರಿ ಸಿಳ್ಳೆ ಹಾಕಿದ. ಪಕ್ಕದ ಟೈರಿನಂಗಡಿಯ
ಮುದುಕ ವಾಖ್ತಾಂಗನೂ ಎದ್ದು ಬಂದು ನೋಡಿದ.
ಎರಡನೆಯ ಸಲವೂ ಸರಿ.
ಮೂರನೆಯ ಸಲ, ಮುಚ್ಚುವಾಗ, ಎಡಗಡೆ ಒಂದು ಕ್ಷಣ
ತಡವರಿಸಿತು.
ನಾನು ನೋಡಿದೆ. ಅವನು ನೋಡಲಿಲ್ಲ.

‘ಏನಾಗಿತ್ತು?’
‘ಸ್ವಿಚ್ಚು.’
‘ಅಷ್ಟೇನಾ?’

ಅಂಗೈಯಲ್ಲಿ ಹಸಿರು ತಾಮ್ರ ಬೆಚ್ಚಗಾಗಿತ್ತು.
ನಾಳೆ ಬೆಳಿಗ್ಗೆ ಬಿಳಿಯ ಲಂಗ ಎತ್ತಿಹಿಡಿದು
ಒಬ್ಬಳು ಈ ಸೀಟಿನಲ್ಲಿ ಕೂರುವವಳಿದ್ದಾಳೆ.

‘ಬಿಚ್ಚಿಕೊಂಡೇ ಹೋಗು’ ಅಂದೆ. ‘ರಾತ್ರಿ ಗುಂಡಿ ಮುಟ್ಟಬೇಡ,
ಟಾರ್ಪಾಲು ಹೊದಿಸು. ನಾಳೆ ಮಳೆ ಬಂದರೆ ನೆನೆಯಿರಿ,
ಮದುವೆ ಮಳೆಗೆ ಯಾರೂ ಸಾಯುವುದಿಲ್ಲ.
ದುಡ್ಡು ಈಗ ಬೇಡ.
ಸೋಮವಾರ ಬಾ.
ಬರುವಾಗ ಗಾಡಿ ಕೊಂಡ ಕಾಗದ ತಾ,
ಮಾರಿದವನ ಫೋನ್ ನಂಬರೂ.’

ನಗುತ್ತಿದ್ದವನು ‘ಯಾಕೆ?’ ಎಂದು ಕೇಳುವಷ್ಟರಲ್ಲಿ
ಎಂಜಿನ್ನು ಶುರುವಾಗಿಬಿಟ್ಟಿತ್ತು.